ಕಂಠ ಮತ್ತು ಹಿಮ್ಮೇಳ: ‘ದಿ ಗ್ಯಾದರಿಂಗ್’ ತಂಡದ ಶೈಲಿಯ ಇತಿಹಾಸ

ನೆದರ್ಲೆಂಡ್ಸಿನ ರಾಕ್ ಸಂಗೀತದಲ್ಲಿ ಗಾಯಕಿಯೊಬ್ಬಳು ತಂಡದ ಮುಂದೆ ನಿಂತು ಹಾಡುವುದು 1990ರ ದಶಕದಲ್ಲಿ ಹುಟ್ಟಿದ ಪದ್ಧತಿಯಲ್ಲ. ಹೇಗ್ ನಗರದ ‘ಶಾಕಿಂಗ್ ಬ್ಲೂ’ ತಂಡ 1969ರಲ್ಲಿ ಹೊರತಂದ ‘ವೀನಸ್’ ಹಾಡು 1970ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ, ಆ ದೇಶದ ರಾಕ್ ಸಂಗೀತ ಹೊರಜಗತ್ತಿಗೆ ಪರಿಚಯವಾದದ್ದು ಗಾಯಕಿ ಮಾರಿಸ್ಕಾ ವೆರೆಶ್ ಅವರ ಕಂಠದಿಂದಲೇ. ಆದರೆ ಹೆವಿ ಮೆಟಲ್ ಎಂಬ, ಗಿಟಾರಿನ ನಾದವನ್ನು ವಿದ್ಯುತ್ತಿನ ಬಲದಿಂದ ಒರಟಾಗಿಸಿ ಭಾರವಾಗಿ ನುಡಿಸುವ ಪ್ರಕಾರದಲ್ಲಿ ಹೆಣ್ಣಿನ ಕಂಠಕ್ಕೆ ಯಾವ ಸ್ಥಾನ ಸಲ್ಲಬೇಕೆಂಬ ಪ್ರಶ್ನೆ ಅಲ್ಲಿ ಗಂಭೀರವಾಗಿ ಎದ್ದದ್ದು ಅದಾಗಿ ಎರಡು ದಶಕಗಳ ನಂತರ. ಆ ಪ್ರಶ್ನೆಗೆ ಒಮ್ಮೆ ಉತ್ತರ ಕಂಡುಕೊಂಡು ಅಲ್ಲಿಯೇ ನೆಲೆ ನಿಲ್ಲದೆ, ಕಂಡ ಉತ್ತರವನ್ನು ಮತ್ತೆ ಮತ್ತೆ ಬಿಟ್ಟುಕೊಟ್ಟು ಮುಂದೆ ಸಾಗಿದ ತಂಡವೆಂದರೆ ‘ದಿ ಗ್ಯಾದರಿಂಗ್’. ಅದರ ಶೈಲಿ ಬದಲಾದ ಬಗೆಯನ್ನು ವಾದ್ಯಗಳ ಮೂಲಕವೂ ವಿವರಿಸಬಹುದಾದರೂ, ಗಾಯಕಿಯ ಕಂಠವನ್ನು ಹಿಮ್ಮೇಳದ ಯಾವ ಜಾಗದಲ್ಲಿ ಇರಿಸಲಾಯಿತೆಂಬುದನ್ನು ಹಿಡಿದು ನೋಡಿದಾಗ ಆ ಇತಿಹಾಸ ಹೆಚ್ಚು ಸ್ಪಷ್ಟವಾಗುತ್ತದೆ.

ದೇಶದ ದಕ್ಷಿಣ ಭಾಗದ ಉತ್ತರ ಬ್ರಬಾಂಟ್ ಪ್ರಾಂತದಲ್ಲಿರುವ ಓಸ್ ಎಂಬ ಪಟ್ಟಣದಲ್ಲಿ, ಡ್ರಮ್ಸ್ ವಾದಕ ಹಾನ್ಸ್ ರುಟ್ಟೆನ್ ಮತ್ತು ಗಿಟಾರ್ ವಾದಕ ರೆನೆ ರುಟ್ಟೆನ್ ಎಂಬ ಸೋದರರು ಗಾಯಕ ಬಾರ್ಟ್ ಸ್ಮಿಟ್ಸ್ ಅವರೊಡನೆ ಸೇರಿ 1989ರಲ್ಲಿ ಈ ತಂಡವನ್ನು ಕಟ್ಟಿದರು. ಆಗ ಯುರೋಪಿನ ಯುವಕರನ್ನು ಸೆಳೆದಿದ್ದ ಶೈಲಿಗಳಲ್ಲಿ ಎರಡು ಇಲ್ಲಿ ಮುಖ್ಯ. ಗಿಟಾರಿನ ತಂತಿಗಳನ್ನು ಸಡಿಲಿಸಿ, ಮಂದ್ರದಲ್ಲಿ, ವಿಳಂಬ ಗತಿಯಲ್ಲಿ ಶೋಕದ ಭಾವವನ್ನು ನುಡಿಸುವ ‘ಡೂಮ್ ಮೆಟಲ್’ ಒಂದಾದರೆ, ಪದಗಳು ಸ್ವರ ಹಿಡಿಯದೆ ಗಂಟಲಿನಾಳದಿಂದ ಗುಟುರಾಗಿ ಹೊರಬರುವ ‘ಡೆತ್ ಮೆಟಲ್’ ಇನ್ನೊಂದು. ಇಂಗ್ಲೆಂಡಿನ ‘ಪ್ಯಾರಡೈಸ್ ಲಾಸ್ಟ್’ ತಂಡ 1991ರ ‘ಗಾಥಿಕ್’ ಎಂಬ ಆಲ್ಬಮ್ಮಿನಲ್ಲಿ ಈ ಎರಡನ್ನೂ ಬೆರೆಸಿ, ನಡುನಡುವೆ ಹೆಣ್ಣುಕಂಠವೊಂದನ್ನು ಸೇರಿಸಿತ್ತು. ಓಸ್ ಪಟ್ಟಣದ ತಂಡ 1992ರಲ್ಲಿ ಹೊರತಂದ ಮೊದಲ ಆಲ್ಬಮ್ ‘ಆಲ್ವೇಸ್’ ಇದೇ ದಾರಿಯಲ್ಲಿತ್ತು. ಸ್ಮಿಟ್ಸ್ ಅವರ ಗುಟುರು ಕಂಠವೇ ಅದರಲ್ಲಿ ಪ್ರಧಾನ. ಮಾರಿಕೆ ಗ್ರೂಟ್ ಅವರ ಇಂಪಾದ ದನಿ ಅದಕ್ಕೆ ವಿರುದ್ಧವಾದ ಬಣ್ಣವಾಗಿ ಅಲ್ಲಲ್ಲಿ ಬಂದು ಹೋಗುತ್ತದೆ. ಈ ಹಂತದಲ್ಲೇ ಗಮನಿಸಬೇಕಾದದ್ದು ಫ್ರಾಂಕ್ ಬೂಯೆನ್ ಅವರ ಕೀಬೋರ್ಡ್ ವಾದನವನ್ನು. ಭಾರವಾದ ಗಿಟಾರುಗಳ ಹಿಂದೆ ಅವರು ಹರಡುವ ದೀರ್ಘ ಸ್ವರಗಳಲ್ಲಿ ತಂಡ ಮುಂದೆ ಹೋಗಲಿದ್ದ ದಿಕ್ಕು ಆಗಲೇ ಕೇಳಿಸುತ್ತದೆ.

ಗಾಯಕರಿಬ್ಬರೂ ತಂಡವನ್ನು ಬಿಟ್ಟ ಮೇಲೆ, ನೀಲ್ಸ್ ಡುಫ್ಯೂಸ್ ಮತ್ತು ಮಾರ್ಟಿನ್ ವಾನ್ ಲೂನ್ ಅವರೊಡನೆ 1993ರಲ್ಲಿ ಬಂದ ‘ಆಲ್ಮೋಸ್ಟ್ ಎ ಡಾನ್ಸ್’ ಗುಟುರನ್ನು ಕೈಬಿಟ್ಟಿತಾದರೂ ಅದರ ಜಾಗಕ್ಕೆ ತಕ್ಕ ಕಂಠವನ್ನು ಕಂಡುಕೊಳ್ಳಲಿಲ್ಲ. ವಾದ್ಯಗಳು ಒಂದು ಭಾವದಲ್ಲೂ ಹಾಡುಗಾರಿಕೆ ಇನ್ನೊಂದು ಭಾವದಲ್ಲೂ ಸಾಗುವ ಆ ಆಲ್ಬಮ್ಮನ್ನು ತಂಡದ ದುರ್ಬಲ ಕೃತಿಯೆಂದೇ ಹೇಳಬೇಕಾಗುತ್ತದೆ.

ಅದೇ ಪ್ರಾಂತದ ಸಿಂಟ್ ಮಿಖಿಲ್ಸ್‌ಗೆಸ್ಟಲ್ ಎಂಬ ಊರಿನಲ್ಲಿ 1973ರಲ್ಲಿ ಹುಟ್ಟಿದ ಆನ್ನೆಕೆ ವಾನ್ ಗಿಯರ್ಸ್‌ಬರ್ಗನ್ 1994ರಲ್ಲಿ ತಂಡವನ್ನು ಸೇರಿದರು. ಜರ್ಮನಿಯ ಹಾಗೆನ್ ನಗರದ ವುಡ್‌ಹೌಸ್ ಸ್ಟುಡಿಯೋದಲ್ಲಿ ವಾಲ್ಡೆಮಾರ್ ಸೋರಿಖ್ಟಾ ಮತ್ತು ಸಿಗ್ಗಿ ಬೆಮ್ ಅವರ ನಿರ್ದೇಶನದಲ್ಲಿ ಧ್ವನಿಮುದ್ರಿತವಾಗಿ 1995ರಲ್ಲಿ ಬಂದ ‘ಮ್ಯಾಂಡಿಲಿಯನ್’, ಯುರೋಪಿನ ಮೆಟಲ್ ಸಂಗೀತದ ಇತಿಹಾಸದಲ್ಲಿ ಒಂದು ತಿರುವು ಎನ್ನುವುದು ಅತಿಶಯೋಕ್ತಿಯಲ್ಲ. ಆ ಹೊತ್ತಿಗೆ ನಾರ್ವೆಯ ‘ಥಿಯೇಟರ್ ಆಫ್ ಟ್ರ್ಯಾಜೆಡಿ’ಯಂಥ ತಂಡಗಳು ಗಂಡಿನ ಗುಟುರಿಗೂ ಹೆಣ್ಣಿನ ಕೋಮಲ ಕಂಠಕ್ಕೂ ಸಂವಾದವನ್ನು ಏರ್ಪಡಿಸುವುದನ್ನೇ ಒಂದು ಕ್ರಮವಾಗಿ ಮಾಡಿಕೊಳ್ಳುತ್ತಿದ್ದವು. ‘ಮ್ಯಾಂಡಿಲಿಯನ್’ ಆ ಸಂವಾದವನ್ನೇ ತೆಗೆದುಹಾಕಿ, ಇಡೀ ಹಾಡಿನ ಹೊಣೆಯನ್ನು ಒಬ್ಬ ಗಾಯಕಿಗೆ ಒಪ್ಪಿಸಿತು. ಹಾಗೆ ಒಪ್ಪಿಸಲು ಸಾಧ್ಯವಾದದ್ದು ಆನ್ನೆಕೆಯವರ ಕಂಠದ ಗುಣದಿಂದ. ಪಾಶ್ಚಾತ್ಯ ಗೀತನಾಟಕವಾದ ಆಪೆರಾದ ಗಾಯಕಿಯರಂತೆ ತಾರಸ್ಥಾಯಿಯಲ್ಲಿ ಕಂಪಿಸುತ್ತ ಹಾಡದೆ, ಎದೆಯ ಬಲದಿಂದ ತುಂಬುದನಿಯಲ್ಲಿ ಸ್ವರವನ್ನು ನೇರವಾಗಿ ಹಿಡಿದು ಬಹುಕಾಲ ನಿಲ್ಲಿಸುವುದು ಅವರ ಕ್ರಮ. ಗಿಟಾರುಗಳು ನಿಧಾನವಾಗಿ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಸರಿಯುವ ವಿಳಂಬ ಗತಿಯೇ ಅವರ ನೀಳ ಸ್ವರಗಳಿಗೆ ನೆಲೆಯಾದುದರಿಂದ, ಡೂಮ್ ಮೆಟಲ್ಲಿನ ಭಾರ ಕಡಿಮೆಯಾಗದೆಯೇ ಅದರ ಶೋಕ ವೈಭವವಾಗಿ ಮಾರ್ಪಟ್ಟಿತು. ‘ಸ್ಟ್ರೇಂಜ್ ಮಷೀನ್ಸ್’ ಹಾಡಿನಲ್ಲಿ ಈ ಮೇಳ ನೇರವಾಗಿ ಕೇಳಿಸಿದರೆ, ‘ಸ್ಯಾಂಡ್ ಅಂಡ್ ಮರ್ಕ್ಯುರಿ’ ಎಂಬ ಸುಮಾರು 10 ನಿಮಿಷಗಳ ರಚನೆಯಲ್ಲಿ ದೀರ್ಘವಾದ ವಾದ್ಯಭಾಗ ಮುಗಿದ ಬಳಿಕವೇ ಕಂಠ ಪ್ರವೇಶಿಸುತ್ತದೆ. ತಂಡಕ್ಕೆ ಹೆಸರು ತಂದುಕೊಟ್ಟ ಕಂಠವನ್ನು ಅಷ್ಟು ಹೊತ್ತು ಕಾಯಿಸಿಡುವ ಧೈರ್ಯ ಅವರಿಗೆ ಆಗಲೇ ಇತ್ತು.

ಅದೇ ಸ್ಟುಡಿಯೋದಲ್ಲಿ ಸಿದ್ಧವಾದ 1997ರ ‘ನೈಟ್‌ಟೈಮ್ ಬರ್ಡ್ಸ್’ ಹಿಂದಿನ ಆಲ್ಬಮ್ಮಿನ ಮುಂದುವರಿಕೆ. ಮಾಧುರ್ಯ ಹೆಚ್ಚಿ ಭಾರ ತುಸು ತಗ್ಗಿದ್ದನ್ನು ಬಿಟ್ಟರೆ ಅದರಲ್ಲಿ ಹೊಸ ಹೆಜ್ಜೆ ಇಲ್ಲ. ಬದಲಾವಣೆಯ ಸುಳಿವು ಸಿಗುವುದು ಆ ಅವಧಿಯಲ್ಲಿ ಅವರು ಮರುಹಾಡಿದ ಬೇರೆಯವರ ಹಾಡುಗಳಲ್ಲಿ. ಮಧ್ಯಯುಗದ ಹಾಗೂ ನಾನಾ ದೇಶಗಳ ಸಂಗೀತವನ್ನು ಬೆಸೆದ ‘ಡೆಡ್ ಕ್ಯಾನ್ ಡಾನ್ಸ್’, ಗಿಟಾರುಗಳ ಪದರಗಳಲ್ಲಿ ಕಂಠವನ್ನು ಅರ್ಧ ಮುಚ್ಚಿಡುವ ‘ಶೂಗೇಜ್’ ಶೈಲಿಯ ‘ಸ್ಲೋಡೈವ್’ ಮೊದಲಾದ ತಂಡಗಳಿಂದ ಅವರು ಹಾಡುಗಳನ್ನು ಆಯ್ದುಕೊಂಡರು. ಮೆಟಲ್ ತಂಡವೊಂದರ ಕಿವಿ ಮೆಟಲ್ಲಿನ ಹೊರಗೆ ಏನನ್ನು ಅರಸುತ್ತಿತ್ತು ಎಂಬುದಕ್ಕೆ ಈ ಆಯ್ಕೆಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಇದೇ ವೇಳೆಗೆ ಎರಡನೆಯ ಗಿಟಾರ್ ವಾದಕ ಯೆಲ್ಮರ್ ವಿರ್ಸ್ಮಾ ತಂಡದಿಂದ ಹೊರಟರು. ಎರಡು ಗಿಟಾರುಗಳು ಸೇರಿ ಎಬ್ಬಿಸುತ್ತಿದ್ದ ನಾದದ ದಟ್ಟಣೆ ಕರಗಿ, ಬಾಸ್ ಗಿಟಾರಿಗೂ ಕೀಬೋರ್ಡಿಗೂ ಮೌನಕ್ಕೂ ಜಾಗ ತೆರೆಯಿತು.

ಆ ಜಾಗವನ್ನು ಬಳಸಿಕೊಂಡ ಕೃತಿ 1998ರ ಜೋಡಿ ಆಲ್ಬಮ್ ‘ಹೌ ಟು ಮೆಷರ್ ಎ ಪ್ಲಾನೆಟ್?’ ಡಚ್ ನಿರ್ದೇಶಕ ಆಟೀ ಬೌ ಅವರೊಡನೆ ಮಾಡಿದ ಇದು 100 ನಿಮಿಷಗಳನ್ನು ಮೀರುತ್ತದೆ. ಶೀರ್ಷಿಕೆಯ ರಚನೆಯೊಂದೇ ಸುಮಾರು 28 ನಿಮಿಷಗಳಷ್ಟು ಉದ್ದವಿದ್ದು, ಹೆಚ್ಚಿನಂಶ ನಾದಗಳ ಅಲೆತವಾಗಿ ಸಾಗುತ್ತದೆ. ಬಾಹ್ಯಾಕಾಶ, ದೂರ, ಪ್ರಯಾಣ ಇದರ ವಸ್ತು. ಇಲ್ಲಿ ಗಿಟಾರು ಹೊಡೆತವನ್ನು ಬಿಟ್ಟು ಹರವನ್ನು ಅರಸುತ್ತದೆ. ಡ್ರಮ್ಸ್ ‘ಟ್ರಿಪ್ ಹಾಪ್’ ಕಡೆಗೆ, ಅಂದರೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಬೆಳೆದ, ತುಂಡುತುಂಡಾದ ನಿಧಾನದ ತಾಳದ ಮೇಲೆ ವಿಷಾದದ ಹಾಡನ್ನು ತೇಲಿಸುವ ಪದ್ಧತಿಯ ಕಡೆಗೆ, ವಾಲುತ್ತದೆ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಗಾಯನದ್ದು. ‘ಮ್ಯಾಂಡಿಲಿಯನ್’ನಲ್ಲಿ ಹಿಮ್ಮೇಳವನ್ನೆಲ್ಲ ಮೀರಿ ಮೊಳಗಿದ ಕಂಠ ಇಲ್ಲಿ ಪಿಸುಮಾತಿಗೆ ಇಳಿಯುತ್ತದೆ, ವಾದ್ಯಗಳ ನಡುವೆ ಒಂದು ವಾದ್ಯವಾಗಿ ನಿಲ್ಲುತ್ತದೆ. ಗೆದ್ದ ಸೂತ್ರವನ್ನು ಗೆಲುವಿನ ನಡುವೆಯೇ ತ್ಯಜಿಸಿದ ಈ ಕೃತಿ ತಂಡದ ಶ್ರೇಷ್ಠ ಸಾಧನೆ. ‘ಮ್ಯಾಂಡಿಲಿಯನ್’ ಇತರರಿಗೆ ದಾರಿ ತೋರಿತು, ಇದು ತಂಡಕ್ಕೆ ಅದರದೇ ದನಿಯನ್ನು ಕೊಟ್ಟಿತು.

ತಂತಿವಾದ್ಯಗಳನ್ನೂ ಊದುವಾದ್ಯಗಳನ್ನೂ ಸೇರಿಸಿಕೊಂಡ 2000ದ ‘ಇಫ್ ದೆನ್ ಎಲ್ಸ್’ ಆಲ್ಬಮ್ಮಿನ ಬಳಿಕ ತಂಡ ‘ಸೆಂಚುರಿ ಮೀಡಿಯಾ’ ಕಂಪನಿಯ ನಂಟನ್ನು ಮುಗಿಸಿ ‘ಸೈಕೋನಾಟ್’ ಎಂಬ ಸ್ವಂತ ಸಂಸ್ಥೆಯಿಂದ ತನ್ನ ಸಂಗೀತವನ್ನು ಹೊರತರತೊಡಗಿತು. ಶೈಲಿಯ ಇತಿಹಾಸದಲ್ಲಿ ಈ ವ್ಯವಹಾರದ ಸಂಗತಿಗೆ ಮಹತ್ವವಿದೆ, ಏಕೆಂದರೆ ಮೆಟಲ್ಲಿಗೇ ಮೀಸಲಾದ ಮಾರುಕಟ್ಟೆಯ ನಿರೀಕ್ಷೆಯಿಂದ ಬಿಡುಗಡೆ ಹೊಂದಿದ ಮೇಲೆಯೇ 2003ರ ‘ಸೂವನೀರ್ಸ್’ನಂಥ ಆಲ್ಬಮ್ ಸಾಧ್ಯವಾದದ್ದು. ಯಂತ್ರಜನ್ಯ ನಾದಗಳು, ಒಳಕ್ಕೆ ಎಳೆದುಕೊಂಡ ಗಾಯನ, ನಾರ್ವೆಯ ‘ಉಲ್ವರ್’ ತಂಡದ ಗಾಯಕನೊಡನೆ ಒಂದು ಯುಗಳಗೀತೆ, ಇವುಗಳಿಂದ ಕೂಡಿದ ಈ ಸಂಗೀತವನ್ನು ತಂಡದವರೇ ‘ಟ್ರಿಪ್ ರಾಕ್’ ಎಂದು ಕರೆದರು.

ಇತ್ತ ‘ಮ್ಯಾಂಡಿಲಿಯನ್’ ತೆರೆದ ದಾರಿಯಲ್ಲಿ ಬೇರೆಯವರು ನಡೆಯುತ್ತಿದ್ದರು. 1996ರಲ್ಲಿ ಆರಂಭವಾದ, ಶರಾನ್ ಡೆನ್ ಆಡೆಲ್ ಗಾಯಕಿಯಾಗಿರುವ ‘ವಿದಿನ್ ಟೆಂಪ್ಟೇಶನ್’, ಫ್ಲೋರ್ ಯಾನ್ಸೆನ್ ಹಾಡುತ್ತಿದ್ದ ‘ಆಫ್ಟರ್ ಫಾರೆವರ್’, ಸಿಮೋನ್ ಸಿಮನ್ಸ್ ಅವರ ‘ಎಪಿಕಾ’, ಇವು ವಾದ್ಯವೃಂದದ ಮೇಳವನ್ನೂ ಮೆಟಲ್ಲಿನ ಭಾರವನ್ನೂ ಬೆಸೆದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನೆದರ್ಲೆಂಡ್ಸನ್ನು ಗಾಯಕಿಯರ ಮೆಟಲ್ ಸಂಗೀತದ ಕೇಂದ್ರವನ್ನಾಗಿ ಮಾಡಿದವು. ಆ ಪ್ರಕಾರಕ್ಕೆ ದೊಡ್ಡ ಸಭಾಂಗಣಗಳು ತುಂಬುವ ಹೊತ್ತಿಗೆ ಅದಕ್ಕೆ ಅಡಿಪಾಯ ಹಾಕಿದ ತಂಡ ಅಲ್ಲಿರಲಿಲ್ಲ. ಇದನ್ನು ನಷ್ಟವೆಂದು ಬರೆಯುವವರಿದ್ದಾರೆ. ಆದರೆ ‘ಸೂವನೀರ್ಸ್’ ಆಗಲಿ, ಮತ್ತೆ ಆಟೀ ಬೌ ಅವರೊಡನೆ ಚರ್ಚಿನ ಕಟ್ಟಡವೊಂದರಲ್ಲಿ ಧ್ವನಿಮುದ್ರಿಸಿದ 2006ರ ‘ಹೋಮ್’ ಆಗಲಿ, ಪಶ್ಚಾತ್ತಾಪ ಪಡುವವರ ಸಂಗೀತವಲ್ಲ.

2007ರಲ್ಲಿ ಆನ್ನೆಕೆ ತಮ್ಮದೇ ತಂಡ ಕಟ್ಟಲು ಹೊರಟಾಗ ಅನೇಕರು ‘ದಿ ಗ್ಯಾದರಿಂಗ್’ ಮುಗಿಯಿತೆಂದು ಭಾವಿಸಿದರು. ಉಳಿದವರು ಅವಸರಪಡಲಿಲ್ಲ. ಮೊದಲು ಸಂಗೀತವನ್ನು ರಚಿಸಿ, ಆಮೇಲೆ ನಾರ್ವೆಯ ಸಿಲ್ಯೆ ವೆರ್ಗೆಲಾಂಡ್ ಅವರನ್ನು ಕರೆತಂದರು. 2009ರ ‘ದಿ ವೆಸ್ಟ್ ಪೋಲ್’ನಲ್ಲಿ ಮೆಕ್ಸಿಕೋದ ಮಾರ್ಸೆಲಾ ಬೋವಿಯೋ ಸೇರಿದಂತೆ ಇಬ್ಬರು ಅತಿಥಿ ಗಾಯಕಿಯರೂ ಇದ್ದಾರೆ. ಸಿಲ್ಯೆ ಅವರದು ಹಿಂದಿನವರಂತೆ ಮೊಳಗುವ ಕಂಠವಲ್ಲ, ಹಿಮ್ಮೇಳದೊಳಗೆ ಕರಗುವ ಕಂಠ. ಈ ಗುಣವನ್ನು ಕೊರತೆಯೆಂದು ಬಗೆಯದೆ ಅದರ ಸುತ್ತಲೇ ಕಟ್ಟಿದ್ದರಿಂದ, ತುತ್ತೂರಿಯ ದನಿ ನೀಳವಾಗಿ ಸುಳಿಯುವ 2012ರ ‘ಡಿಸ್‌ಕ್ಲೋಷರ್’ ಈ ಅವಧಿಯ ಉತ್ತಮ ಕೃತಿಯಾಯಿತು. 2014ರಲ್ಲಿ ತಂಡದ 25 ವರ್ಷಗಳ ನೆನಪಿಗೆ ನೈಮೇಗನ್ ನಗರದಲ್ಲಿ ನಡೆದ ಕಛೇರಿಯಲ್ಲಿ ಹಿಂದಿನ ಸದಸ್ಯರೂ ವೇದಿಕೆ ಏರಿದರು. ಆ ಬಳಿಕ ಕೆಲಕಾಲ ಮೌನವಾಗಿದ್ದ ತಂಡ 2022ರಲ್ಲಿ ‘ಬ್ಯೂಟಿಫುಲ್ ಡಿಸ್ಟಾರ್ಷನ್’ ಆಲ್ಬಮ್ಮಿನೊಂದಿಗೆ ಮರಳಿತು.

ಈ ತಂಡವನ್ನು ಮೊದಲ ಬಾರಿಗೆ ಕೇಳುವವರಿಗೆ ಸಾಮಾನ್ಯವಾಗಿ ‘ಮ್ಯಾಂಡಿಲಿಯನ್’ ಆಲ್ಬಮ್ಮನ್ನು ಸೂಚಿಸುವುದು ವಾಡಿಕೆ. ಅದರ ಬದಲು 1998ರ ಜೋಡಿ ಆಲ್ಬಮ್ಮಿನಿಂದ ಆರಂಭಿಸಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಕೇಳುತ್ತ ಹೋಗುವುದು ಉಚಿತ.