ರನ್: ಇಂಗ್ಲಿಷಿನ ಹಲವು ಅರ್ಥಗಳ ಕ್ರಿಯಾಪದ

ರನ್ ಎಂಬುದು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳನ್ನು ಹೊತ್ತ ಕ್ರಿಯಾಪದಗಳಲ್ಲೊಂದು. ಮೊದಲ ಅರ್ಥ 'ಓಡು'. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪರಿಷ್ಕರಣೆಯಲ್ಲಿ, 2011ರ ಹೊತ್ತಿಗೆ, ಇದಕ್ಕೆ ಕ್ರಿಯಾಪದವಾಗಿಯೇ 645 ಅರ್ಥಗಳನ್ನು ಗುರುತಿಸಲಾಗಿತ್ತು. ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದು ಪದಕ್ಕಾಗಿ ಸುಮಾರು ಒಂಬತ್ತು ತಿಂಗಳು ದುಡಿದರು. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಈ ಹಿರಿಮೆ ಸುಮಾರು 430 ಅರ್ಥಗಳಿದ್ದ 'ಸೆಟ್' ಪದದ್ದಾಗಿತ್ತು. ಇಂಥ ಪುಟ್ಟ ಪದಗಳ ಅರ್ಥವನ್ನು ಕಟ್ಟಿಹಾಕುವುದು ಎಷ್ಟು ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಷ್ಟು ಹಿಂದೆಯೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ತೋಡಿಕೊಂಡಿದ್ದರು. ಅವರು ಹೆಸರಿಸಿದ ಪದಗಳಲ್ಲಿ ರನ್ ಕೂಡ ಇದೆ.

ಇಷ್ಟು ಅರ್ಥಗಳು ಬಂದದ್ದಕ್ಕೆ ಪದದ ಹುಟ್ಟಿನಲ್ಲೇ ಒಂದು ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ತಾನೇ ಓಡುವುದಕ್ಕೆ ಒಂದು ರೂಪ, ಕುದುರೆಯನ್ನು ಓಡಿಸುವುದಕ್ಕೆ ಇನ್ನೊಂದು ರೂಪ ಇದ್ದವು, ನಮ್ಮ 'ಓಡು', 'ಓಡಿಸು' ಇದ್ದಂತೆ. ಮುಂದೆ ನಾರ್ಸ್ ಭಾಷೆಯ ಪ್ರಭಾವವೂ ಸೇರಿ ಎರಡೂ ಬೆರೆತು ಒಂದೇ ರೂಪ ಉಳಿಯಿತು. ಕನ್ನಡದಲ್ಲಿ 'ಇಸು' ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ವಾಕ್ಯದ ಜೋಡಣೆಯೇ ಮಾಡಬೇಕು. ಹಾಗಾಗಿ ಹುಡುಗ ಓಡುವುದೂ ರನ್, ಅವನಪ್ಪ ಹೋಟೆಲು ನಡೆಸುವುದೂ ರನ್. ಜರ್ಮನ್ ಭಾಷೆ ಇದೇ ಬೇರಿನ ಎರಡು ಪದಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡಿದೆ: ಓಡುವುದು 'ರೆನ್ನೆನ್', ನೀರು ಹರಿಯುವುದು 'ರಿನ್ನೆನ್'.

ಹರಿಯುವ ಅರ್ಥವೂ ಇಂಗ್ಲಿಷಿನಲ್ಲಿ ಬಹಳ ಹಳೆಯದು. ನದಿ, ಕಣ್ಣೀರು, ನೆಗಡಿಯಾದ ಮೂಗು, ಒಗೆದಾಗ ಬಣ್ಣ ಬಿಡುವ ಬಟ್ಟೆ ಎಲ್ಲಕ್ಕೂ ರನ್ ಸಲ್ಲುತ್ತದೆ. ಉಗಿಯಂತ್ರದ ಕಾಲ ಬಂದಾಗ ಗಿರಣಿ, ಎಂಜಿನ್, ರೈಲುಗಳಿಗೂ ಇದೇ ಪದ ಒದಗಿತು. ಆಮೇಲೆ ಕಂಪ್ಯೂಟರಿನ ಪ್ರೋಗ್ರಾಮಿಗೂ. ಪತ್ರಿಕೆ ಸುದ್ದಿ ಪ್ರಕಟಿಸುವುದು, ಜ್ವರ ಬರುವುದು, ಸಾಮಾನು ಮುಗಿದುಹೋಗುವುದು, ದಾರಿಯಲ್ಲಿ ಪರಿಚಿತರು ಎದುರಾಗುವುದು, ಇವೆಲ್ಲವೂ ರನ್ ಸೇರಿದ ನುಡಿಗಟ್ಟುಗಳೇ. ಚುನಾವಣೆಗೆ ಅಮೆರಿಕದವರು 'ಓಡುತ್ತಾರೆ', ಬ್ರಿಟಿಷರು ನಮ್ಮ ಹಾಗೆ 'ನಿಲ್ಲುತ್ತಾರೆ'.

ಅನುವಾದಕರು ಎಚ್ಚರವಾಗಿರಬೇಕಾದ ಜಾಗ ಇದು. ಕನ್ನಡದ 'ಓಡು' ಕೂಡ ಬಡಪದವಲ್ಲ: ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ತಲೆ ಓಡುವುದೇ ಇಲ್ಲ. ಆದರೆ ನಮ್ಮಲ್ಲಿ ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಅಂಗಡಿಯನ್ನು ನಡೆಸುತ್ತಾರೆ. ಇಷ್ಟು ಸೊಗಸಾದ ಬೇರೆಬೇರೆ ಕ್ರಿಯಾಪದಗಳಿರುವಾಗ ಎಲ್ಲಕ್ಕೂ 'ಓಡು' ಹಾಕುವ ಅನುವಾದ ಕನ್ನಡವೆನಿಸುವುದಿಲ್ಲ.

ಕ್ರಿಕೆಟ್ಟಿನ ರನ್ ಮಾತ್ರ ನಾಮಪದವಾಗಿ ಹಾಗೆಯೇ ಕನ್ನಡಕ್ಕೆ ಬಂದು ನಮ್ಮ ಕ್ರಿಯಾಪದಗಳ ಜೊತೆ ಸಂಸಾರ ಹೂಡಿದೆ. ಕನ್ನಡಿಗರು ರನ್ ಹೊಡೆಯುತ್ತಾರೆ, ತೆಗೆಯುತ್ತಾರೆ, ಗಳಿಸುತ್ತಾರೆ. ಚೆಂಡು ಬೌಂಡರಿ ದಾಟಿದರೆ ಬ್ಯಾಟ್ಸ್‌ಮನ್ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್ ಸಿಗುತ್ತವೆ.