ಲಾಠಿ, ಬಂದೂಕು ಮತ್ತು ನಡುವಣ ಆಯುಧ

ಹಬ್ಬದ ಬಟ್ಟೆಗೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋದಾಗ ಜನಸಂದಣಿಯ ನಡುವೆ ಲಾಠಿ ಹಿಡಿದು ನಿಂತ ಪೇದೆಯನ್ನು ಕಂಡಿರುತ್ತೀರಿ. ಲಾಠಿ, ಅಶ್ರುವಾಯು ಸೋತಲ್ಲಿ ಉಳಿಯುವುದು ಬಂದೂಕು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಅದು ನಿರಾಯುಧರನ್ನು ಬಲಿಗೊಂಡಿತು. 2020ರ ಆಗಸ್ಟ್ 11ರ ರಾತ್ರಿ ಠಾಣೆಗೆ ಗುಂಪು ಮುತ್ತಿದಾಗ, ಇಲ್ಲಿಗೆ ಸಮೀಪದ ಡಿ.ಜೆ. ಹಳ್ಳಿಯಲ್ಲೂ ಗೋಲಿಬಾರಿನಿಂದ ಜೀವಗಳು ಹೋದವು.

ಹಾಗಾದರೆ ಟೇಸರ್ ಬರಲಿ ಎನ್ನೋಣವೇ? 1970ರ ದಶಕದಲ್ಲಿ ಅಮೆರಿಕದ ಜಾಕ್ ಕವರ್ ರೂಪಿಸಿದ ಈ ಉಪಕರಣ ವಿದ್ಯುದಾಘಾತದಿಂದ ಒಬ್ಬನನ್ನು ಕೆಡವಬಲ್ಲದು, ಗುಂಪನ್ನಲ್ಲ. 2007ರಲ್ಲಿ ತಾಯಿಯನ್ನು ಸೇರಲು ಪೋಲೆಂಡಿನಿಂದ ಕೆನಡಾಕ್ಕೆ ಬಂದಿದ್ದ ರಾಬರ್ಟ್ ಜೆಕಾನ್ಸ್ಕಿ, ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲೇ ಅದರ ಪ್ರಯೋಗದ ಬಳಿಕ ಅಸುನೀಗಿದರು.

ಕೊಲ್ಲದ ಆಯುಧವೆಂಬ ನಂಬಿಕೆ ಹಿಡಿದವನ ಕೈಯನ್ನು ಸಡಿಲಗೊಳಿಸುತ್ತದೆ. ಆಯುಧ ಯಾವುದೇ ಇರಲಿ, ಎದುರಿರುವವನೂ ಒಬ್ಬ ತಾಯಿಯ ಮಗನೆಂಬ ಅರಿವು ಅದಕ್ಕೂ ಮೊದಲು ಬರಬೇಕಲ್ಲವೇ?