ಕಟಾವು ಯಂತ್ರದ ತ್ರಿಕೋನ ಬ್ಲೇಡು ಬಂದದ್ದು ಎಲ್ಲಿಂದ?

ಗಂಗಾವತಿ, ಸಿಂಧನೂರು ಕಡೆ ಭತ್ತ ಕೊಯ್ಯುವ ಯಂತ್ರದ ಬ್ಲೇಡು ಕಲ್ಲಿಗೆ ತಾಗಿ ಮುರಿಯಿತು ಅಂದುಕೊಳ್ಳಿ. ಮುರಿದ ಆ ಒಂದು ತ್ರಿಕೋನ ತುಂಡನ್ನು ತೆಗೆದು ಹೊಸದು ಕೂರಿಸಿದರೆ ಯಂತ್ರ ಮತ್ತೆ ಗದ್ದೆಗೆ ಇಳಿಯುತ್ತದೆ. ಈ ಅನುಕೂಲದ ಹಿಂದೆ ಸುಮಾರು 190 ವರ್ಷಗಳ ಕಥೆಯಿದೆ.

ಅಮೆರಿಕದ ಓಬೆಡ್ ಹಸ್ಸಿ 1833ರಲ್ಲಿ ಕೊಯ್ಲು ಯಂತ್ರಕ್ಕೆ ಪೇಟೆಂಟ್ ಪಡೆದ. ಕಬ್ಬಿಣದ ಪಟ್ಟಿಯ ಮೇಲೆ ಸಣ್ಣ ತ್ರಿಕೋನ ಬ್ಲೇಡುಗಳನ್ನು ಸಾಲಾಗಿಟ್ಟು ರಿವೆಟ್ ಹೊಡೆದಿದ್ದ. ಪಟ್ಟಿ ಅತ್ತಿತ್ತ ಓಡಾಡಿದಂತೆ, ಬೆರಳಿನಂಥ ಗಾರ್ಡುಗಳ ನಡುವೆ ಸಿಕ್ಕ ಪೈರು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತಿತ್ತು. ಮರುವರ್ಷ ಪೇಟೆಂಟ್ ಪಡೆದ ಸೈರಸ್ ಮೆಕಾರ್ಮಿಕ್‌ನ ಯಂತ್ರದಲ್ಲಿ ಇದ್ದದ್ದು ಹಲ್ಲುಗಳಿದ್ದ ಒಂದೇ ಉದ್ದನೆಯ ಅಲಗು. ಹೆಸರು, ವ್ಯಾಪಾರ ಎರಡರಲ್ಲೂ ಗೆದ್ದವನು ಮೆಕಾರ್ಮಿಕ್. ಆದರೆ ಹುಲ್ಲು ಕೊಯ್ಯುವ ಯಂತ್ರಗಳು, ಮುಂದೆ ಕಂಬೈನ್‌ಗಳು ಹಿಡಿದದ್ದು ಹಸ್ಸಿಯ ದಾರಿ.

ಉದ್ದನೆಯ ಅಲಗು ಒಂದು ಕಡೆ ಮುಕ್ಕಾದರೂ ಇಡೀ ಅಲಗನ್ನೇ ಬಿಚ್ಚಬೇಕು. ತುಂಡು ಬ್ಲೇಡಾದರೆ ರಿವೆಟ್ ತೆಗೆದು ಅದೊಂದನ್ನೇ ಬದಲಿಸಬಹುದು. ಈಗ ಎಷ್ಟೋ ಯಂತ್ರಗಳಲ್ಲಿ ರಿವೆಟ್ ಬದಲು ಬೋಲ್ಟ್ ಬಂದಿದೆ, ಕೆಲಸ ಇನ್ನೂ ಸಲೀಸು.

ಮೋಡ ಕವಿದ ದಿನ ಇಂಥ ಅರ್ಧ ಗಂಟೆಯೂ ಬೆಳೆ ಉಳಿಸುತ್ತದೆ. ಹೊಸ ಬ್ಲೇಡು ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ದಪ್ಪ, ಅಗಲ, ತೂತಿನ ಅಂತರ ಮೂರೂ ಹೊಂದಬೇಕು.